ಹಿಮದ ಬಿಳುಪು



ಹಿಮವನ್ನು ಕಣ್ಣಾರೆ ಕಂಡವರು ನಮ್ಮ ಮೈಸೂರಿನಲ್ಲಿ ಬಹಳ ಮಂದಿ ಇರಲಾರರು. ಆಲಿಕಲ್ಲನ್ನು ಆಯ್ದು ಬಾಯಿಗೆ ಹಾಕಿಕೊಂಡ ಬಾಲ್ಯದ ನೆನಪು ಎಲ್ಲರಿಗೂ ಉಂಟು. ಆದರೆ ಮನೆಯ ಮಾಡು, ಮರದ ಕೊಂಬೆ, ಬೀದಿಯ ದೀಪದ ಕಂಬ ಇವೆಲ್ಲವೂ ಒಂದೇ ರಾತ್ರಿಯಲ್ಲಿ ಬೆಳ್ಳಗಾಗುವ ಬೆರಗು ನಮ್ಮ ಸೀಮೆಯದಲ್ಲ. ಆದುದರಿಂದ ಅದು ನಮ್ಮನ್ನು ತಲಪುವುದು ಛಾಯಾಚಿತ್ರಗಳ ಮೂಲಕವೇ. ಇಂದಿನ ನಮ್ಮ ಮಾತು ಅಂತಹ ಚಿತ್ರಗಳನ್ನು ಕುರಿತದ್ದು. ಅದರಲ್ಲಿಯೂ ಜೀವನೋಪಾಯಕ್ಕಲ್ಲದೆ ಬರಿಯ ಹವ್ಯಾಸಕ್ಕಾಗಿ ಅವುಗಳನ್ನು ತೆಗೆಯುವವರನ್ನು ಕುರಿತದ್ದು.

2009ನೆಯ ಇಸವಿಯ ಫೆಬ್ರುವರಿಯಲ್ಲಿ ನಾವು ವ್ಯಾಸಂಗದ ನಿಮಿತ್ತ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿದ್ದೆವು. ಅಲ್ಲಿಂದ ಸುಮಾರು 250 ಕಿಲೋಮೀಟರು ದೂರದ ಕ್ವೆಬೆಕ್ ನಗರದಲ್ಲಿ ಚಳಿಗಾಲದ ಉತ್ಸವವೊಂದು ನಡೆಯುತ್ತದೆ. 1894ರಲ್ಲಿ ಮೊದಲಾದ ಆ ಉತ್ಸವವು ನಡುನಡುವೆ ನಿಂತುಹೋಗಿ, 1955ರಿಂದ ಮತ್ತೆ ನೆಲೆಗೊಂಡಿತು. ಅದರ ಅಧಿದೇವತೆಯೆನ್ನಬಹುದಾದವನು ಬೊನೊಮ್ ಎಂಬ ಹಿಮದ ಮನುಷ್ಯ. ಕೆಂಪು ಟೋಪಿ, ಬಣ್ಣಬಣ್ಣದ ನಡುಪಟ್ಟಿ ಅವನ ವೇಷ. ಗೆಳೆಯರೊಡನೆ ನಾವೂ ಒಂದು ಪುಟ್ಟ ಡಿಜಿಟಲ್ ಕ್ಯಾಮರಾ ಹಿಡಿದು ಹೊರಟೆವು. ಹಗಲೆಲ್ಲ ಏಬ್ರಹಾಮನ ಬಯಲೆಂಬ ದೊಡ್ಡ ಮೈದಾನದಲ್ಲಿ ಹಿಮದ ಮೇಲೆ ಜಾರುವ ಮಕ್ಕಳ ಚಿತ್ರ, ರಾತ್ರಿ ಮೆರವಣಿಗೆಯ ಚಿತ್ರ, ಹೀಗೆ ನೂರರ ಹತ್ತಿರ ತೆಗೆದೆವು. ಚೆನ್ನಾಗಿದೆಯೆಂದು ತೋರಿದ ಹನ್ನೆರಡನ್ನು ಅಚ್ಚುಹಾಕಿಸಿ ಮೈಸೂರಿಗೆ ಅಂಚೆಯಲ್ಲಿ ಕಳುಹಿಸಿದೆವು. ಹಿಮವನ್ನು ನೋಡಬೇಕೆಂಬುದು ನಮ್ಮ ತಾಯಿಯವರ ಬಹುಕಾಲದ ಆಸೆ. ಅಷ್ಟು ದೂರ ಪ್ರಯಾಣಮಾಡುವ ಶಕ್ತಿ ಅವರಿಗೆ ಇರಲಿಲ್ಲ. ಕೆಲವು ವಾರಗಳಾದ ಮೇಲೆ ದೂರವಾಣಿಯಲ್ಲಿ ಅವರ ಮಾತು ಕೇಳಿಸಿತು: “ಇದೇನಪ್ಪ, ಊರಿಗೆಲ್ಲ ಬೂದಿ ಸುರಿದ ಹಾಗಿದೆಯಲ್ಲ!”

ಚಿತ್ರಗಳನ್ನು ಮತ್ತೆ ತೆರೆದು ನೋಡಿದೆವು. ಬೂದಿಯೇ ಸರಿ. ಅಲ್ಲಿ ನಿಂತು ಕಂಡ ಬಿಳುಪು ನಮ್ಮ ಮನಸ್ಸಿನಲ್ಲಿ ಇನ್ನೂ ಇದ್ದುದರಿಂದ ಕಾಗದದ ಮೇಲಿನ ಬೂದುಬಣ್ಣ ನಮಗೆ ಕಾಣಿಸಿರಲಿಲ್ಲ. ಹಿಮವನ್ನು ಎಂದೂ ಕಾಣದ ಕಣ್ಣು ಅದನ್ನು ಒಡನೆಯೇ ಕಂಡಿತು.

ಇದರ ಕಾರಣ ಸರಳವಾದದ್ದು. ಕ್ಯಾಮರಾಕ್ಕೆ ವಿವೇಕವಿಲ್ಲ, ಲೆಕ್ಕ ಮಾತ್ರ ಉಂಟು. ಅದರೊಳಗಿನ ಬೆಳಕಿನ ಮಾಪಕವು, ಎದುರಿಗಿರುವ ದೃಶ್ಯ ಒಟ್ಟಿನಲ್ಲಿ ನಡುತರದ ಬೂದುಬಣ್ಣದ್ದು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ಹಿಂತಿರುಗಿಸತಕ್ಕದ್ದು ಎಂದು ನಂಬಿ ನಡೆಯುತ್ತದೆ. ಹುಲ್ಲು, ರಸ್ತೆ, ಗೋಡೆ, ಮನುಷ್ಯರ ಮುಖ ಇವೆಲ್ಲ ಬೆರೆತ ಸಾಮಾನ್ಯ ನೋಟಕ್ಕೆ ಆ ನಂಬಿಕೆ ಸರಿಹೋಗುತ್ತದೆ. ಹೊಸದಾಗಿ ಬಿದ್ದ ಹಿಮವಾದರೋ ನೂರಕ್ಕೆ 80ರಿಂದ 90 ಪಾಲು ಬೆಳಕನ್ನು ಹಿಂತಿರುಗಿಸುತ್ತದೆ. ಬೆಳಕು ವಿಪರೀತವಾಯಿತೆಂದು ಹೆದರಿ ಯಂತ್ರವು ಕಿಂಡಿಯನ್ನು ಕಿರಿದುಮಾಡುತ್ತದೆ, ಅಥವಾ ಬೇಗನೆ ಮುಚ್ಚುತ್ತದೆ, ಬಿಳಿಯದು ಬೂದಿಯಾಗುತ್ತದೆ. ದಸರೆಯ ಜಂಬೂ ಸವಾರಿಯಲ್ಲಿ ಆನೆಯ ಸಮೀಪದಲ್ಲಿ ನಿಂತು ಚಿತ್ರ ತೆಗೆದವರಿಗೆ ಇದರ ವಿಪರ್ಯಾಸವು ಪರಿಚಿತವಾಗಿದ್ದೀತು. ಕರಿಯ ಮೈ ಚೌಕಟ್ಟನ್ನೆಲ್ಲ ತುಂಬಿದಾಗ ಯಂತ್ರವು ಕರಿಯದನ್ನೂ ಬೂದುಮಾಡಹೊರಟು, ಅಂಬಾರಿಯ ಚಿನ್ನದ ಹೊಳಪನ್ನು ಬಿಳಿಯ ಮಚ್ಚೆಯಾಗಿ ಸುಟ್ಟುಬಿಡುತ್ತದೆ.

ಪರಿಹಾರವೂ ಸರಳವೇ. ಮಾಪಕ ಹೇಳಿದ್ದಕ್ಕಿಂತ ಎರಡರಷ್ಟು, ಬಿಸಿಲು ಚೆನ್ನಾಗಿದ್ದು ಹಿಮವೇ ಎಲ್ಲೆಡೆ ತುಂಬಿದ್ದರೆ ಮೂರು ನಾಲ್ಕರಷ್ಟು, ಬೆಳಕನ್ನು ಕೊಡತಕ್ಕದ್ದು. ಕೈಯಲ್ಲಿ ಹಿಡಿಯುವ ಫೋನಿನ ಕ್ಯಾಮರಾಗಳಲ್ಲಿ ಪರದೆಯನ್ನು ಮುಟ್ಟಿ ಬೆಳಕಿನ ಗುರುತನ್ನು ಮೇಲಕ್ಕೆ ಸರಿಸಿದರಾಯಿತು. ಇಷ್ಟು ಸಣ್ಣ ವಿಷಯವನ್ನು ತಿಳಿಯದೆ ನಾವು ಒಂದು ಋತುವನ್ನು ಕಳೆದುಕೊಂಡೆವು. ಆದರೆ ಇದರಿಂದ ನಮಗೊಂದು ಶಂಕೆ ಹುಟ್ಟಿತು. ಯಂತ್ರ ತಾನಾಗಿ ಕೊಟ್ಟ ಚಿತ್ರ ನಿಜವೋ, ಮನುಷ್ಯನು ಕೈಹಾಕಿ ತಿದ್ದಿದ ಚಿತ್ರ ನಿಜವೋ?

ಹಿಮದ ಚಿತ್ರಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಮೊದಲಿನಿಂದಲೂ ಕಾಡಿದೆ. ಮಾಂಟ್ರಿಯಲ್‌ನಲ್ಲಿಯೇ ವಿಲಿಯಂ ನಾಟ್‌ಮನ್ ಎಂಬ ಪ್ರಖ್ಯಾತ ಛಾಯಾಚಿತ್ರಕಾರರಿದ್ದರು. 1826ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, 1856ರಲ್ಲಿ ಕೆನಡಾಕ್ಕೆ ಬಂದವರು. ಆ ಕಾಲದ ಒದ್ದೆಗಾಜಿನ ಫಲಕಗಳು ಬಯಲಿನ ಕೊರೆಯುವ ಚಳಿಗೆ ಒಗ್ಗತಕ್ಕವಲ್ಲ. ಆದುದರಿಂದ ಅವರು ಹಿಮವನ್ನೇ ತಮ್ಮ ಶಾಲೆಯೊಳಕ್ಕೆ ಕರೆತಂದರು: ನೆಲದ ಮೇಲೆ ಉಪ್ಪು ಹರಡಿದರೆ ಹಿಮ, ಉಜ್ಜಿದ ಸತುವಿನ ತಗಡು ಮಂಜುಗಡ್ಡೆ, ನೆಗೆಟಿವಿನ ಮೇಲೆ ಸಿಂಪಡಿಸಿದ ಬಿಳಿಯ ಬಣ್ಣ ಉದುರುತ್ತಿರುವ ಹಿಮ. 1870ರ ಜಾರಾಟದ ವೇಷೋತ್ಸವವನ್ನು ಅವರು ಚಿತ್ರಿಸಿದ ಬಗೆ ಇನ್ನೂ ವಿನೋದಕರವಾದುದು. ವೇಷಧಾರಿಗಳನ್ನು ಒಬ್ಬೊಬ್ಬರನ್ನಾಗಿ ಶಾಲೆಯಲ್ಲಿ ನಿಲ್ಲಿಸಿ ಚಿತ್ರ ತೆಗೆದು, ಕತ್ತರಿಸಿ, ಬಣ್ಣದಲ್ಲಿ ಬರೆದ ಹಿನ್ನೆಲೆಯ ಮೇಲೆ ಅಂಟಿಸಿ, ಆ ಸಮಗ್ರವನ್ನು ಮತ್ತೆ ಛಾಯಾಚಿತ್ರ ತೆಗೆದರು. ನೋಡಲು ಬಹು ಸೊಗಸು. ಎಲ್ಲರ ಮುಖವೂ ಸ್ಪಷ್ಟ. ಒಬ್ಬರೂ ಮತ್ತೊಬ್ಬರನ್ನು ನೋಡುತ್ತಿಲ್ಲ!

ಬಯಲಿಗೆ ಇಳಿದವರು ಹವ್ಯಾಸಿಗಳು. ಇಂಗ್ಲಿಷಿನಲ್ಲಿ ಅವರಿಗೆ ‘ಅಮೆಚೂರ್’ ಎಂದು ಹೆಸರು. ಪ್ರೀತಿಸುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಮಾತು. ಪಾಠ ಹೇಳುವವರ ಚಾಪಲ್ಯದಿಂದ ಇದನ್ನು ಹೇಳಿದೆವು, ಕ್ಷಮಿಸಬೇಕು. 1893ನೆಯ ಫೆಬ್ರುವರಿ 22ರಂದು ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಎಂಬವರು ಕೈಯಲ್ಲಿ ಹಿಡಿಯತಕ್ಕ ಕ್ಯಾಮರಾವೊಂದನ್ನು ತೆಗೆದುಕೊಂಡು ನ್ಯೂಯಾರ್ಕಿನ ಐದನೆಯ ಅವೆನ್ಯೂವಿನಲ್ಲಿ ಹಿಮದ ಬಿರುಗಾಳಿಗೆ ಮೈಯೊಡ್ಡಿ ಮೂರು ಗಂಟೆಗಳ ಕಾಲ ನಿಂತರು. ಕಡೆಗೆ ಕುದುರೆಗಾಡಿಯೊಂದು ಹಿಮವನ್ನು ಸೀಳಿಕೊಂಡು ಅವರತ್ತ ಬಂದಿತು. ನೆಗೆಟಿವನ್ನು ನೋಡಿದ ಅವರ ಸಂಘದ ಗೆಳೆಯರು, ಇದೆಲ್ಲ ಮಸುಕಾಗಿದೆ, ಎಸೆದುಬಿಡು ಎಂದರಂತೆ. ಅವರು ಎಸೆಯಲಿಲ್ಲ. ಬೇಡದ ಅಂಚುಗಳನ್ನು ಬಿಟ್ಟು, ಬೇಕಾದ ಭಾಗವನ್ನಷ್ಟೇ ಅಚ್ಚುಹಾಕಿದರು. ಆ ಮಸುಕೇ ಇಂದು ಆ ಚಿತ್ರದ ಚಳಿಯಾಗಿದೆ.

ಆದರೆ ನಮ್ಮ ಶಂಕೆಗೆ ನೇರವಾಗಿ ಉತ್ತರ ಕೊಟ್ಟವರು ಒಬ್ಬ ರೈತರು. ಅಮೆರಿಕದ ವರ್ಮಾಂಟ್ ಸಂಸ್ಥಾನದ ಜೆರಿಕೋ ಎಂಬ ಹಳ್ಳಿಯ ವಿಲ್ಸನ್ ಬೆಂಟ್ಲಿ 1865ರಲ್ಲಿ ಹುಟ್ಟಿದರು. ತಾಯಿ ಹಿಂದೆ ಉಪಾಧ್ಯಾಯಿನಿಯಾಗಿದ್ದವರು. ಹುಡುಗನ ಕೈಗೆ ಒಂದು ಸೂಕ್ಷ್ಮದರ್ಶಕವನ್ನು ಕೊಟ್ಟರು. ಹಿಮದ ಹರಳುಗಳನ್ನು ಅದರಲ್ಲಿ ಕಂಡ ಹುಡುಗ ಅವುಗಳನ್ನು ಬರೆಯತೊಡಗಿದ. ಒಂದನ್ನು ಬರೆದು ಮುಗಿಸುವುದರೊಳಗೆ ಅದು ಕರಗಿಹೋಗುತ್ತಿತ್ತು. ಕಡೆಗೆ ಸೂಕ್ಷ್ಮದರ್ಶಕಕ್ಕೆ ಕ್ಯಾಮರಾವನ್ನು ಜೋಡಿಸಿ, 1885ರ ಜನವರಿ 15ರಂದು, ಇನ್ನೂ ಹತ್ತೊಂಬತ್ತರ ವಯಸ್ಸಿನಲ್ಲಿ, ಒಂದು ಹರಳಿನ ಚಿತ್ರವನ್ನು ಹಿಡಿದರು. ಕರಿಯ ಹಲಗೆಯ ಮೇಲೆ ಉದುರುವ ಹಿಮವನ್ನು ಹಿಡಿದು, ಮರದ ಕಡ್ಡಿಯಿಂದ ಹರಳೊಂದನ್ನು ಎತ್ತಿ ಗಾಜಿನ ಮೇಲಿಟ್ಟು, ಹಕ್ಕಿಯ ಗರಿಯಿಂದ ಮೆಲ್ಲನೆ ಒತ್ತಿ, ತಮ್ಮ ಉಸಿರು ಅದನ್ನು ಕರಗಿಸೀತೆಂದು ಉಸಿರನ್ನೇ ಬಿಗಿಹಿಡಿದು ಅವರು ಕೆಲಸಮಾಡುತ್ತಿದ್ದರು. ಬೆಂಕಿಯಿಲ್ಲದ ಕೊಟ್ಟಿಗೆಯೇ ಅವರ ಪ್ರಯೋಗಶಾಲೆ. ಹೀಗೆ 5000ಕ್ಕೂ ಮಿಕ್ಕ ಚಿತ್ರಗಳು.

ಬಿಳಿಯ ಹರಳು ಬಿಳಿಯ ಹಿನ್ನೆಲೆಯಲ್ಲಿ ಎದ್ದುಕಾಣುವುದಿಲ್ಲ. ಆದುದರಿಂದ ಬೆಂಟ್ಲಿಯವರು ನೆಗೆಟಿವಿನ ಪ್ರತಿಯೊಂದನ್ನು ಮಾಡಿಕೊಂಡು, ಹರಳಿನ ಅಂಚಿನ ಸುತ್ತಲೂ ಇರುವ ಲೇಪವನ್ನು ಚಾಕುವಿನ ಮೊನೆಯಿಂದ ಕೆರೆದು ತೆಗೆಯುತ್ತಿದ್ದರು. ಅಚ್ಚುಹಾಕಿದಾಗ ಸುತ್ತಲೂ ಕಪ್ಪಾಗಿ, ಹರಳು ನಕ್ಷತ್ರದಂತೆ ಹೊಳೆಯುತ್ತಿತ್ತು. ಜರ್ಮನಿಯ ಹವಾಮಾನ ವಿಜ್ಞಾನಿ ಗುಸ್ಟಾಫ್ ಹೆಲ್‌ಮನ್ನರು ಇದನ್ನು ಆಕ್ಷೇಪಿಸಿದರು: ಅಂಚನ್ನು ಕೆರೆದರೆ ಆಕಾರವೇ ಕೆಟ್ಟಂತಲ್ಲವೆ? ಚಿತ್ರವು ಪ್ರಕೃತಿಗೆ ನಿಷ್ಠವಾಗಿರಬೇಕು. ತಿದ್ದುವುದರಿಂದ ಆ ನಿಷ್ಠೆ ಹೆಚ್ಚುವುದಾದರೆ ತಿದ್ದುವುದೇ ನ್ಯಾಯ ಎಂಬುದು ಬೆಂಟ್ಲಿಯವರ ನಿಲುವು. ಹೆಲ್‌ಮನ್ನರ ಎಚ್ಚರಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ವಿಜ್ಞಾನಕ್ಕೆ ಅಂತಹವರೂ ಬೇಕು. ಆದರೂ ನಮ್ಮ ಒಲವು ರೈತರ ಕಡೆಗೆ. ನಾಟ್‌ಮನ್ನರ ಉಪ್ಪು ಹಿಮವಲ್ಲದ್ದನ್ನು ಹಿಮವೆನ್ನುತ್ತದೆ. ಬೆಂಟ್ಲಿಯವರ ಚಾಕು ಹಿಮವನ್ನೇ ಹಿಮವೆನ್ನುತ್ತದೆ. 1931ರಲ್ಲಿ ಅವರ ಚಿತ್ರಗಳ ದೊಡ್ಡ ಗ್ರಂಥ ಹೊರಬಿದ್ದಿತು. ಅದೇ ವರ್ಷ ಹಿಮಪಾತದಲ್ಲಿ ನಡೆದು ಮನೆಗೆ ಬಂದವರು ನ್ಯುಮೋನಿಯಾದಿಂದ ಮಲಗಿ, ಡಿಸೆಂಬರ್ 23ರಂದು ತೀರಿಕೊಂಡರು.

ಮೆರವಣಿಗೆಯ ವಿಷಯಕ್ಕೆ ಬರೋಣ. ಕ್ವೆಬೆಕ್ಕಿನ ಆ ರಾತ್ರಿ ನಾವು ಮಾಡದ ತಪ್ಪಿಲ್ಲ. ಹಿಮ ಉದುರುತ್ತಿರುವಾಗ ಫ್ಲಾಷ್ ಬೆಳಗಿಸಿದೆವು. ಕ್ಯಾಮರಾದ ಎದುರಿಗೇ ಇದ್ದ ಹಿಮದ ಚೂರುಗಳು ದೊಡ್ಡ ಬಿಳಿಯ ಬೊಟ್ಟುಗಳಾಗಿ, ಹಿಂದಿನ ತಮಟೆಯವರನ್ನು ಮುಚ್ಚಿಬಿಟ್ಟವು. ಫ್ಲಾಷನ್ನು ಬಿಟ್ಟರೆ ಕಿಂಡಿ ಬಹಳ ಹೊತ್ತು ತೆರೆದಿದ್ದು, ಕುಣಿಯುವವರು ಹೊಗೆಯಾದರು. ಚಳಿಗೆ ಬ್ಯಾಟರಿ ಬೇಗನೆ ಸೋತಿತು. ಅದನ್ನು ಅಂಗಿಯ ಒಳಜೇಬಿನಲ್ಲಿ ಮೈಯ ಶಾಖದಲ್ಲಿಟ್ಟುಕೊಳ್ಳಬೇಕೆಂದು ಯಾರೂ ನಮಗೆ ಹೇಳಿರಲಿಲ್ಲ. ಬೆಚ್ಚಗಿನ ಕಾಫಿಯಂಗಡಿಯೊಳಕ್ಕೆ ಹೋದೊಡನೆ ಗಾಜಿನ ಮೇಲೆಲ್ಲ ನೀರಿನ ಹನಿ. ಒಳಗೆ ಬರುವ ಮೊದಲೇ ಕ್ಯಾಮರಾವನ್ನು ಬಿಗಿಯಾದ ಚೀಲದಲ್ಲಿ ಕಟ್ಟಿ, ಅದು ನಿಧಾನವಾಗಿ ಬೆಚ್ಚಗಾಗುವವರೆಗೆ ಬಿಡಬೇಕು. ಆ ರಾತ್ರಿ ಉಳಿದದ್ದು ಒಂದೇ ಚಿತ್ರ, ಅದೂ ಮೆರವಣಿಗೆಯದಲ್ಲ: ಅಪ್ಪನ ಹೆಗಲೇರಿ, ಬಾಯಿ ತೆರೆದು, ಎದುರಿಗೆ ಹಾಯುವ ಬೊನೊಮನನ್ನು ನೋಡುತ್ತಿದ್ದ ಒಂದು ಮಗು. ಉತ್ಸವದಲ್ಲಿ ನೋಟಕರ ಕಡೆಗೂ ಕ್ಯಾಮರಾವನ್ನು ತಿರುಗಿಸಬೇಕೆಂಬುದನ್ನು ಆ ಮಗುವಿನಿಂದ ಕಲಿತೆವು. ದಸರೆಯಲ್ಲಿಯೂ ಈಗ ಹಾಗೆಯೇ ಮಾಡುತ್ತೇವೆ.

ಊರಿಗೆ ಹಿಂತಿರುಗಿದ ಮೇಲೆ, 2013ರಲ್ಲಿ, ಛಾಯಾಗ್ರಹಣವನ್ನು ಬಲ್ಲ ಸ್ನೇಹಿತರೊಬ್ಬರು ಬಯಲಿನ ಆ ಹಳೆಯ ಚಿತ್ರವನ್ನು ಗಣಕಯಂತ್ರದಲ್ಲಿ ತಿದ್ದುವ ಕ್ರಮವನ್ನು ತೋರಿಸಿಕೊಟ್ಟರು. ಬೆಳಕನ್ನು ಏರಿಸಿದಂತೆಲ್ಲ ಬೂದಿ ಕರಗಿ, ನಾವು ಅಂದು ಕಂಡ ಬಿಳುಪು ಮೇಲೆ ಬಂದಿತು. ಮರಗಳ ಬುಡದ ನೆರಳಿನಲ್ಲಿ ಆಕಾಶದ ತೆಳುನೀಲಿಯೂ ಕಾಣಿಸಿತು. ದೊಡ್ಡದಾಗಿ ಅಚ್ಚುಹಾಕಿಸಿ ಮನೆಗೆ ತಂದೆವು. ಆ ವೇಳೆಗೆ ಗ್ಲಾಕೋಮಾ ಎಂಬ ಕಣ್ಣಿನ ರೋಗವು ತಾಯಿಯವರ ದೃಷ್ಟಿಯನ್ನು ಬಹುಮಟ್ಟಿಗೆ ಕಿತ್ತುಕೊಂಡಿತ್ತು. ಚಿತ್ರವನ್ನು ಕಿಟಕಿಯ ಬಳಿ ಹಿಡಿದು, ಆಚೆಗೆ ಈಚೆಗೆ ವಾಲಿಸಿ ನೋಡಿದರು. ಮಕ್ಕಳು ಜಾರುತ್ತಿರುವುದು, ಮರಗಳು, ಯಾವುದೂ ಅವರಿಗೆ ಕಾಣಲಿಲ್ಲವೆಂದು ನಮಗೆ ತಿಳಿಯಿತು.

“ಬೆಳ್ಳಗಿದೆ ಕಣಪ್ಪ,” ಎಂದರು.