ಸೋತವರ ಮಾತು

2024ರ ನವೆಂಬರ್ 6, ಬುಧವಾರ. ಶಾಲೆ ಬಿಟ್ಟು, ಸೊರಬದ ಬಸ್ ನಿಲ್ದಾಣದ ಬಳಿ ಚಹದ ಅಂಗಡಿಗೆ ಬಂದೆ. ಅಡಿಕೆ ಧಾರಣೆಯ ಮಾತಿಲ್ಲ, ಭತ್ತದ ಕೊಯ್ಲಿನ ಮಾತಿಲ್ಲ. ಎಲ್ಲರ ಬಾಯಲ್ಲೂ ಅಮೆರಿಕದ ಚುನಾವಣೆ. ಡೊನಾಲ್ಡ್ ಟ್ರಂಪ್ ಗೆದ್ದರು, ಕಮಲಾ ಹ್ಯಾರಿಸ್ ಸೋತರು ಎಂಬ ವರ್ತಮಾನ ಆಗತಾನೆ ಬಂದಿತ್ತು. ಒಬ್ಬರಿಗೆ ಸಂತೋಷ, ಇನ್ನೊಬ್ಬರಿಗೆ ಸಂಕಟ. ಮಾತಿಗೆ ಮಾತು ಬೆಳೆಯಿತು. ವಾದ ಅಮೆರಿಕದಿಂದ ದೆಹಲಿಗೆ ಬಂತು, ದೆಹಲಿಯಿಂದ ಬೆಂಗಳೂರಿಗೆ, ಕೊನೆಗೆ ಸೊರಬಕ್ಕೇ ಇಳಿಯಿತು. ಹಿರಿಯರೊಬ್ಬರು ಅರ್ಧ ಲೋಟ ಚಹವನ್ನು ಹಾಗೆಯೇ ಬಿಟ್ಟು ಎದ್ದು ಹೋದರು.

ಎಲ್ಲಿಯ ಅಮೆರಿಕ, ಎಲ್ಲಿಯ ನಮ್ಮ ದಂಡಾವತಿಯ ದಂಡೆ ಎಂದು ನನಗೆ ನಗು ಬಂತು. ಆದರೆ ಮನೆಯ ದಾರಿ ಹಿಡಿದಾಗ ಆ ನಗು ನಿಂತಿತು. ನನಗೂ ನನ್ನ ತಮ್ಮನಿಗೂ ಒಂದೂವರೆ ವರ್ಷದಿಂದ ಮಾತಿರಲಿಲ್ಲ. ಕಾರಣ ಜಮೀನಲ್ಲ, ಹಣವಲ್ಲ. 2023ರ ವಿಧಾನಸಭೆಯ ಚುನಾವಣೆ. ಫಲಿತಾಂಶ ಬಂದ ದಿನ ನಾನು ಮೆಚ್ಚಿದ ಪಕ್ಷ ಗೆದ್ದಿತ್ತು, ಅವನದು ಸೋತಿತ್ತು. ಅವನ ಅಂಗಳದಲ್ಲಿಯೇ ನಿಂತು ನಾನೊಂದು ಚುಚ್ಚುಮಾತು ಆಡಿದೆ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ಪತ್ರಿಕೆಯ ತುಂಬ ಗೆದ್ದವರ ಸುದ್ದಿ. ನನ್ನ ಮನಸ್ಸು ನಿಂತದ್ದು ಸೋತವರ ಸುದ್ದಿಯಲ್ಲಿ. ಹ್ಯಾರಿಸ್ ಅವರು ಟ್ರಂಪ್ ಅವರಿಗೆ ದೂರವಾಣಿಯಲ್ಲಿ ಅಭಿನಂದನೆ ಹೇಳಿ, ತಾವು ಓದಿದ ಹೋವರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ ನಿಂತು, ಫಲಿತಾಂಶವನ್ನು ಒಪ್ಪಿದ್ದೇನೆಂದು ಜನರ ಮುಂದೆ ನುಡಿದರು. ಆ ದೇಶದಲ್ಲಿ ರಾಜ್ಯರಾಜ್ಯಗಳ ಪ್ರತಿನಿಧಿಗಳು ಹಾಕಿದ ಮತಗಳನ್ನು ಸಂಸತ್ತಿನ ಉಭಯ ಸದನಗಳು ಕೂಡಿ ಎಣಿಸುತ್ತವೆ. ಸಭೆಯ ಅಧ್ಯಕ್ಷತೆ ಉಪಾಧ್ಯಕ್ಷರದು. ಆಗ ಉಪಾಧ್ಯಕ್ಷರಾಗಿದ್ದವರು ಹ್ಯಾರಿಸ್ ಅವರೇ. ಹೀಗಾಗಿ 2025ರ ಜನವರಿ 6ರಂದು 312 ಮತ ಎದುರಾಳಿಗೆ, 226 ಮತ ತಮಗೆ ಎಂದು ತಮ್ಮ ಸೋಲನ್ನು ತಾವೇ ಸಾರಬೇಕಾಯಿತು. ಸಾರಿದರು.

ಇದೇನು ದೊಡ್ಡ ಸಂಗತಿಯೆ ಎನ್ನಬಹುದು. ಅದಕ್ಕೆ ನಾಲ್ಕು ವರ್ಷ ಹಿಂದೆ, 2021ರ ಅದೇ ಜನವರಿ 6ರಂದು, ಅದೇ ಎಣಿಕೆಯ ಹೊತ್ತಿನಲ್ಲಿ ಏನಾಯಿತೆಂಬುದನ್ನು ನೆನೆದರೆ ಬೆಲೆ ತಿಳಿಯುತ್ತದೆ. 2020ರ ಸೋಲನ್ನು ಟ್ರಂಪ್ ಒಪ್ಪಿರಲಿಲ್ಲ. ಅವರ ಬೆಂಬಲಿಗರ ಗುಂಪು ಸಂಸತ್ ಭವನಕ್ಕೆ ನುಗ್ಗಿತು. ಎಣಿಕೆ ಗಂಟೆಗಟ್ಟಲೆ ನಿಂತುಹೋಯಿತು. ಅಷ್ಟು ಹಳೆಯ ಪ್ರಜಾಪ್ರಭುತ್ವವೂ ಸೋತವರ ಒಂದು ಮಾತಿನ ಮೇಲೆ ನಿಂತಿದೆ ಎಂಬುದು ಆ ದಿನ ಲೋಕಕ್ಕೆಲ್ಲ ಕಂಡಿತು.

ನಾನು ಕನ್ನಡ ಪಾಠ ಹೇಳುವವನು. ರನ್ನನ ಗದಾಯುದ್ಧ ಹೇಳುವಾಗ ಮಕ್ಕಳೆಲ್ಲ ದುರ್ಯೋಧನನ ಕಡೆ ಆಗಿಬಿಡುತ್ತಾರೆ. ತಂದೆತಾಯಿ ಸಂಧಿ ಮಾಡಿಕೊ ಎಂದರು, ಶರಶಯ್ಯೆಯ ಭೀಷ್ಮರೂ ಎಂದರು, ಅವನು ಒಪ್ಪಲಿಲ್ಲ. ಆ ಛಲವನ್ನು ಕವಿ ಮನಸಾರೆ ಮೆಚ್ಚಿದ್ದಾನೆ, ನಾವೂ ಮೆಚ್ಚುತ್ತೇವೆ. ಆದರೆ ಅದು ರಣರಂಗದ ಗುಣ. ಅಲ್ಲಿ ಸೋತವನಿಗೆ ನಾಳೆ ಎಂಬುದಿಲ್ಲ. ಚುನಾವಣೆಯಲ್ಲಿ ಸೋತವನಿಗೆ ನಾಳೆ ಉಂಟು; ಅದಕ್ಕಾಗಿಯೇ ಅಲ್ಲವೆ ಕತ್ತಿಯ ಬದಲು ಮತಪೆಟ್ಟಿಗೆಯನ್ನು ನಾವು ತಂದುಕೊಂಡದ್ದು?

ನಮ್ಮ ಸುತ್ತಲೇ ನೋಡಿ. 1977ರಲ್ಲಿ ರಾಯ್ ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿಯವರು ಅಧಿಕಾರ ಬಿಟ್ಟು ಇಳಿದರು. 1978ರಲ್ಲಿ ನಮ್ಮ ನೆರೆಯ ಚಿಕ್ಕಮಗಳೂರು ಅವರನ್ನು ಮತ್ತೆ ಲೋಕಸಭೆಗೆ ಕಳುಹಿಸಿತು. 1999ರಲ್ಲಿ ಶಿಕಾರಿಪುರದಲ್ಲಿ ಸೋತ ಯಡಿಯೂರಪ್ಪನವರು ಮುಂದೆ ಮುಖ್ಯಮಂತ್ರಿಗಳಾದರು. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಎ. ಆರ್. ಕೃಷ್ಣಮೂರ್ತಿಯವರು ಸೋತದ್ದು ಒಂದೇ ಒಂದು ಮತದಿಂದ. 2023ರಲ್ಲಿ ಅವರು ಕೊಳ್ಳೇಗಾಲದಿಂದ ಗೆದ್ದು ಬಂದರು. ನಮ್ಮ ಸೊರಬದ ಮಾತನ್ನಂತೂ ಹೇಳಬೇಕಾದ್ದಿಲ್ಲ. ಬಂಗಾರಪ್ಪನವರ ಮಕ್ಕಳಿಬ್ಬರೂ ಇಲ್ಲಿ ಎದುರುಬದುರಾಗಿ ನಿಂತವರು. 2013ರಲ್ಲಿ ಮಧು ಅವರು, 2018ರಲ್ಲಿ ಕುಮಾರ್ ಅವರು, 2023ರಲ್ಲಿ ಮತ್ತೆ ಮಧು ಅವರು. ಈ ತಾಲ್ಲೂಕಿನಲ್ಲಿ ಗೆದ್ದ ರುಚಿಯನ್ನೂ ಸೋತ ರುಚಿಯನ್ನೂ ಉಣ್ಣದ ಮನೆಯಿಲ್ಲ.

‘ಗೆದ್ದವನು ಸೋತ, ಸೋತವನು ಸತ್ತ’ ಎಂದು ಕೋರ್ಟು ವ್ಯಾಜ್ಯಕ್ಕೆ ಹಿರಿಯರು ಗಾದೆ ಹೇಳುತ್ತಿದ್ದರು. ಚುನಾವಣೆಯೂ ಹಾಗಾಗದಿರಬೇಕಾದರೆ ಸೋತವರು ಸೋಲನ್ನು ಒಪ್ಪಬೇಕು, ನಿಜ. ಆದರೆ ಒಪ್ಪುವಂತೆ ಗೆದ್ದವರು ನಡೆದುಕೊಳ್ಳುವುದು ಬೇಡವೆ? ಅಂಗಳದಲ್ಲಿ ನಿಂತು ಚುಚ್ಚಿದರೆ ಯಾರು ತಾನೆ ಸೋಲನ್ನು ಒಪ್ಪಿಯಾರು? ಅಮೆರಿಕದ ಸುದ್ದಿ ಓದುತ್ತ ಓದುತ್ತ ನನಗೆ ಹೊಳೆದದ್ದು ಇದು: ಸೋತವರ ಗುಣವನ್ನು ನಾನು ಅಷ್ಟು ದೂರದಲ್ಲಿ ಹುಡುಕುತ್ತಿದ್ದೆ, ಗೆದ್ದವನ ದೋಷ ನನ್ನಲ್ಲಿಯೇ ಇತ್ತು.

ಆ ವರ್ಷ ತುಳಸಿ ಹಬ್ಬ ನವೆಂಬರ್ 13ರಂದು ಬಂತು. ಸಂಜೆ ನೆಲ್ಲಿಯ ಕೊಂಬೆಯೊಂದನ್ನು ಹಿಡಿದು ತಮ್ಮನ ಮನೆಗೆ ಹೋದೆ. ಕಟ್ಟೆಯ ಮುಂದೆ ಅವನು ದೀಪ ಹಚ್ಚುತ್ತಿದ್ದ. “ಅಂದು ನಾನು ಹಾಗೆ ಹೇಳಬಾರದಿತ್ತು” ಎಂದೆ. ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ ಕೊಂಬೆಯನ್ನು ಕೈಗೆ ತೆಗೆದುಕೊಂಡು, “ಕಾಯಿ ಚೆನ್ನಾಗಿ ಬಿಟ್ಟಿದೆಯಲ್ಲ ಅಣ್ಣಯ್ಯ, ಎಲ್ಲಿಯದು?” ಎಂದ.

ಅವನ ಮತ ಇಂದಿಗೂ ಅವನದೇ, ನನ್ನದು ನನ್ನದೇ. ಊಟ ಮಾತ್ರ ಆ ರಾತ್ರಿ ಒಂದೇ ಪಂಕ್ತಿಯಲ್ಲಿ ಆಯಿತು.