ಅವಸರ ಮಾಡದ ಪೈಲಟ್‌ಗಳು

ವಿಶಾಖಪಟ್ಟಣ, ವಿಜಯವಾಡದಿಂದ ಊರಿಗೆ ವಿಮಾನದಲ್ಲಿ ಓಡಾಡುವ ನಮಗೆ ಈ ಘಟನೆ ಗೊತ್ತಿರಲಿ.

2024ರ ಅಕ್ಟೋಬರ್ 11ರ ಸಂಜೆ. ತಮಿಳುನಾಡಿನ ತಿರುಚ್ಚಿಯಿಂದ 141 ಪ್ರಯಾಣಿಕರೊಂದಿಗೆ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ ಹೈಡ್ರಾಲಿಕ್ ದೋಷ ಕಾಣಿಸಿತು. ಚಕ್ರಗಳನ್ನು ಒಳಗೆಳೆಯುವ ಬಲ ಬರುವುದೇ ಆ ಎಣ್ಣೆಯ ಒತ್ತಡದಿಂದ.

ವಿಮಾನ ಎರಡು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತಿತು. ಟಿವಿ ನೋಡಿದವರಿಗೆ ಜೀವ ಬಾಯಿಗೆ ಬಂದಿತ್ತು. ಆದರೆ ಬೋಯಿಂಗ್ 737ರಲ್ಲಿ ಇಂಧನ ಹೊರಚೆಲ್ಲುವ ವ್ಯವಸ್ಥೆಯಿಲ್ಲ. ಉರಿಸಿಯೇ ಭಾರ ಇಳಿಸಬೇಕು. ಆ ಸುತ್ತಾಟವೇ ಕೆಲಸವಾಗಿತ್ತು!

ಕ್ಯಾಪ್ಟನ್ ಇಕ್ರೋಮ್ ಜೈನಾಲ್, ಸಹಪೈಲಟ್ ಮೈತ್ರೇಯಿ ಶಿತೋಳೆ ಸುರಕ್ಷಿತವಾಗಿ ಇಳಿಸಿದರು. ಇಂಥ ಹೊತ್ತಿನಲ್ಲಿ ಒಬ್ಬರು ವಿಮಾನ ನಡೆಸಿದರೆ ಇನ್ನೊಬ್ಬರು ಚೆಕ್‌ಲಿಸ್ಟ್ ಓದುವುದು ರೂಢಿ. ಮನೆಯ ಕಷ್ಟವನ್ನೆಲ್ಲ ಒಬ್ಬರೇ ಹೊರುವ ಅಕ್ಕತಂಗಿಯರೇ, ನಾವೂ ಕೆಲಸ ಹಂಚಿಕೊಳ್ಳೋಣ, ಅವಸರ ಬಿಡೋಣ.