ಒಗ್ಗುವ ಊಟ, ಹೊಟ್ಟೆ ತುಂಬುವ ಊಟ

(ಸಂಘದ ಮಹಿಳಾ ವಿಭಾಗವು ಏರ್ಪಡಿಸಿದ್ದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ಆದರೆ ಮನೆಯಲ್ಲಿ ಊಟ ಬಲ್ಲವಳು ಒಬ್ಬಳು, ಉಣ್ಣುವವರು ಐದು ಮಂದಿ. ಮಾವನವರಿಗೆ ಹಾಲು ಒಗ್ಗದು, ಮಗಳು ಮೊಬೈಲ್‌ನಲ್ಲಿ ಏನೋ ನೋಡಿ ಚಪಾತಿ ಬಿಟ್ಟಿದ್ದಾಳೆ, ಯಜಮಾನರಿಗೆ ಕಾಳು ತಿಂದರೆ ಹೊಟ್ಟೆ ಉಬ್ಬರ. ಇವರೆಲ್ಲರನ್ನೂ ಸಂಭಾಳಿಸಿ ಕೊನೆಗೆ ತಟ್ಟೆ ಮುಂದೆ ಕೂತವಳಿಗೆ ಉಳಿದದ್ದು ಅನ್ನ, ತಿಳಿಸಾರು. ಈ ಚಿತ್ರ ನಿಮಗೆ ಹೊಸದಲ್ಲ ಎಂದು ನಿಮ್ಮ ನಗುವೇ ಹೇಳುತ್ತಿದೆ.

ಇವತ್ತು ನಾನು ಹೇಳಬೇಕೆಂದಿರುವುದು ಎರಡೇ ಮಾತು. ಯಾವುದನ್ನಾದರೂ ಬಿಡುವ ಮೊದಲು ಅದು ನಿಜಕ್ಕೂ ಒಗ್ಗುತ್ತಿಲ್ಲವೇ ಎಂದು ಖಚಿತ ಮಾಡಿಕೊಳ್ಳಿ. ಬಿಡಲೇಬೇಕಾದರೆ ಅದರ ಜಾಗಕ್ಕೆ ಹೊಟ್ಟೆ ತುಂಬುವ ಇನ್ನೊಂದನ್ನು ತನ್ನಿ.

ಅಲರ್ಜಿ ಬೇರೆ, ಒಗ್ಗದಿರುವುದು ಬೇರೆ

ನಾವು ಎಲ್ಲದಕ್ಕೂ "ಅಲರ್ಜಿ" ಎಂದುಬಿಡುತ್ತೇವೆ. ಸಿಗಡಿ ಅಥವಾ ಶೇಂಗಾ ತಿಂದ ಸ್ವಲ್ಪ ಹೊತ್ತಿನಲ್ಲೇ ಮೈಮೇಲೆ ದದ್ದು ಏಳುವುದು, ತುಟಿ ಊದುವುದು, ಉಸಿರು ಕಟ್ಟುವುದು, ಇದು ಅಲರ್ಜಿ. ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಆ ಆಹಾರವನ್ನು ಶತ್ರುವೆಂದು ತಿಳಿದು ಮೇಲೆ ಬೀಳುತ್ತದೆ. ತುಟಿ, ನಾಲಿಗೆ ಊದಿದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಮನೆಮದ್ದು ಮಾಡುತ್ತಾ ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಂಥವರು ಆ ಪದಾರ್ಥವನ್ನು ಒಂದು ಚೂರೂ ತಿನ್ನುವಂತಿಲ್ಲ.

ಒಗ್ಗದಿರುವುದು ಜೀರ್ಣಕ್ಕೆ ಸಂಬಂಧಿಸಿದ್ದು. ಹೊಟ್ಟೆ ಉಬ್ಬರ, ಗುಡುಗುಡು, ಭೇದಿ ಆಗುತ್ತದೆ, ಹಿಂಸೆಯೂ ಆಗುತ್ತದೆ. ಆದರೆ ಪ್ರಾಣಕ್ಕೆ ಅಪಾಯವಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ "ತಿನ್ನಬಹುದೇ, ಬಾರದೇ" ಎಂಬುದಲ್ಲ, "ಎಷ್ಟು ತಿಂದರೆ ಒಗ್ಗುತ್ತದೆ" ಎಂಬುದು.

ಹಾಲಿನ ವಿಷಯ

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆಯಲು ಸಣ್ಣಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಜಗತ್ತಿನ ಬಹುಪಾಲು ಜನರಲ್ಲಿ ಬಾಲ್ಯ ಕಳೆದಂತೆ ಈ ಕಿಣ್ವ ಕಡಿಮೆಯಾಗುತ್ತದೆ. ನಮ್ಮ ದೇಶದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಇದು ಹೆಚ್ಚು. ಆದ್ದರಿಂದ ಹಾಲು ಒಗ್ಗದಿರುವುದು ದೊಡ್ಡ ಕಾಯಿಲೆಯೇನೂ ಅಲ್ಲ.

ಹಾಲು ಒಗ್ಗದವರಲ್ಲೂ ಹೆಚ್ಚಿನವರಿಗೆ ಊಟದ ಜೊತೆ ಒಂದು ಲೋಟದಷ್ಟು ಹಾಲು ತಡೆಯುತ್ತದೆ, ಖಾಲಿ ಹೊಟ್ಟೆಗೆ ಕುಡಿದಾಗ ಮಾತ್ರ ತೊಂದರೆ. ಚಹಾಕ್ಕೆ ಹಾಕುವ ಹಾಲು ಸಾಮಾನ್ಯವಾಗಿ ಏನೂ ಮಾಡದು. ಮೊಸರಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ಆಗಲೇ ಮುಗಿಸಿರುತ್ತವೆ, ಉಳಿದದ್ದನ್ನು ಅರಗಿಸಲೂ ನೆರವಾಗುತ್ತವೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆಂದೇ ಹೇಳಬೇಕು. ಹಾಗಾಗಿ ಹಾಲು ಬಿಟ್ಟವರು ಮಜ್ಜಿಗೆ, ಮೊಸರನ್ನೂ ಬಿಡಬೇಕಾಗಿಲ್ಲ.

ಪೂರ್ತಿ ಬಿಡಲೇಬೇಕಾದವರು ಸುಣ್ಣದಂಶ ಎಲ್ಲಿಂದ ಎಂದು ಯೋಚಿಸಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಸುಮಾರು 120. ಎಳ್ಳಿನಲ್ಲಿ ಇನ್ನೂ ಹೆಚ್ಚು. ಕರಾವಳಿಯವರು ಮುಳ್ಳು ಸಮೇತ ತಿನ್ನುವ ಸಣ್ಣ ಮೀನೂ ಒಳ್ಳೆಯದು. ಕನಕದಾಸರು "ರಾಮಧಾನ್ಯ ಚರಿತ್ರೆ"ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ ಕೊನೆಗೆ ರಾಮನಿಂದ ರಾಗಿಯನ್ನೇ ಗೆಲ್ಲಿಸಿದರು. ಸುಣ್ಣದಂಶದ ಲೆಕ್ಕದಲ್ಲಿಯೂ ಆ ತೀರ್ಪು ಸರಿಯೇ.

ಒಂದು ಎಚ್ಚರಿಕೆ. ಭೇದಿಯಾದ ಮೇಲೆ ಮಕ್ಕಳಿಗೆ ಕೆಲವು ದಿನ ಹಾಲು ಒಗ್ಗದೇ ಇರಬಹುದು, ಅದು ತಾತ್ಕಾಲಿಕ. ವೈದ್ಯರು ಹೇಳದೆ ಎಳೆಮಗುವಿಗೆ ಎದೆಹಾಲು ನಿಲ್ಲಿಸಬೇಡಿ.

ಗೋಧಿಯ ವಿಷಯ

ಗೋಧಿ, ಬಾರ್ಲಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಚಪಾತಿ ಹಿಟ್ಟು ಜಿಗುಟಾಗಿ ಎಳೆದಂತೆ ಬರುವುದು ಇದರಿಂದಲೇ. ಕೆಲವರಿಗೆ ಸೀಲಿಯಾಕ್ ಎಂಬ ಕಾಯಿಲೆ ಇರುತ್ತದೆ. ಅವರು ಗ್ಲುಟೆನ್ ತಿಂದರೆ ಅವರದೇ ರಕ್ಷಣಾ ವ್ಯವಸ್ಥೆ ಸಣ್ಣಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ದೊಡ್ಡವರಲ್ಲಿ ಭೇದಿಯೇ ಇಲ್ಲದೆ ಬರೀ ರಕ್ತಹೀನತೆಯಾಗಿಯೂ ಕಾಣಿಸಿಕೊಳ್ಳಬಹುದು. ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಇದು ಪತ್ತೆಯಾದ ಬಗೆಯೂ ವಿಚಿತ್ರ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬ್ರೆಡ್ಡೇ ಸಿಗದಾಯಿತು. ಊರೆಲ್ಲ ಹಸಿವಿನಿಂದ ಕಂಗೆಟ್ಟಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು, ಬ್ರೆಡ್ ಮತ್ತೆ ಬಂದಾಗ ಹದಗೆಟ್ಟರು. ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರು ಗೋಧಿಯೇ ಕಾರಣವೆಂದು ತೋರಿಸಿಕೊಟ್ಟರು.

ಈಗ ಬಹಳ ಮುಖ್ಯವಾದ ಮಾತು. ಈ ಕಾಯಿಲೆಗೆ ಮೊದಲು ರಕ್ತ ಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿ ಮಾಡುತ್ತಾರೆ. ಪರೀಕ್ಷೆಯ ಹೊತ್ತಿಗೆ ನೀವು ಗೋಧಿ ತಿನ್ನುತ್ತಿರಬೇಕು. ತಿಂಗಳುಗಟ್ಟಲೆ ಗೋಧಿ ಬಿಟ್ಟು ಆಮೇಲೆ ಪರೀಕ್ಷೆಗೆ ಹೋದರೆ ಕಾಯಿಲೆ ಇದ್ದರೂ ಇಲ್ಲವೆಂದು ವರದಿ ಬರಬಹುದು. ನನ್ನಲ್ಲಿ ಸಲಹೆಗೆ ಬಂದ ಒಬ್ಬ ಹುಡುಗಿ ಹೀಗೆಯೇ ತಾನಾಗಿ ಗೋಧಿ ಬಿಟ್ಟಿದ್ದಳು. ಪರೀಕ್ಷೆಗಾಗಿ ಅವಳು ಮತ್ತೆ ಕೆಲವು ವಾರ ಗೋಧಿ ತಿಂದು ಹೊಟ್ಟೆನೋವು ಅನುಭವಿಸಬೇಕಾಯಿತು. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಸೀಲಿಯಾಕ್ ಎಂದು ಖಚಿತವಾದರೆ ಪಥ್ಯ ಜೀವನಪರ್ಯಂತ. "ದೇವರ ಪ್ರಸಾದ, ಒಂದು ಚಮಚಕ್ಕೆ ಏನಾಗುತ್ತದೆ" ಎಂದು ಒತ್ತಾಯ ಮಾಡಬಾರದು. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ರವೆಯದ್ದು, ರವೆ ಗೋಧಿಯದ್ದು. ಆ ಮಗುವಿಗೆ ಬಾಳೆಹಣ್ಣು ಕೊಡಿ, ದೇವರಿಗೆ ಬೇಸರವಿಲ್ಲ. ಮೈದಾ, ಗೋಧಿ ಶಾವಿಗೆ, ಪಾವ್, ಮಾಲ್ಟ್ ಹಾಕಿದ ಪೇಯದ ಪುಡಿಗಳು, ಸೋಯಾ ಸಾಸ್ ಇವುಗಳಲ್ಲೂ ಗ್ಲುಟೆನ್ ಇರುತ್ತದೆ. ಅಂಗಡಿಯ ಇಂಗಿನ ಡಬ್ಬಿಯ ಮೇಲೆ ಓದಿ ನೋಡಿ, ಹಲವದರಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ. ಹೋಟೆಲಿನಲ್ಲಿ ರವೆ ದೋಸೆ ಹುಯ್ದ ಕಾವಲಿಯಲ್ಲೇ ಸಾದಾ ದೋಸೆ ಬರುತ್ತದೆ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ಜೋಳವನ್ನೂ ಬೀಸುತ್ತಾರೆ. ಇಂಥವರಿಗೆ ಹಿಟ್ಟನ್ನು ಮನೆಯಲ್ಲೇ ಬೀಸಿಕೊಳ್ಳುವುದು ಕ್ಷೇಮ. ಪ್ಯಾಕೆಟ್ ಕೊಳ್ಳುವಾಗ "ಗ್ಲುಟೆನ್ ಫ್ರೀ" ಎಂದು ಬರೆದಿದೆಯೇ ನೋಡಿ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಅದರಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುವಂತಿಲ್ಲ.

ಕನ್ನಡಿಗರಾದ ನಮಗೆ ಈ ಪಥ್ಯ ಅಷ್ಟು ಕಷ್ಟವಲ್ಲ. ಜೋಳದ ರೊಟ್ಟಿ, ರಾಗಿ ಮುದ್ದೆ, ಅಕ್ಕಿ ರೊಟ್ಟಿ, ನೀರು ದೋಸೆ, ಕೊಟ್ಟೆ ಕಡುಬು ಯಾವುದರಲ್ಲೂ ಗೋಧಿ ಇಲ್ಲ. ದುಬಾರಿ ಬಿಸ್ಕತ್ತು, ಬ್ರೆಡ್‌ಗಳ ಹಿಂದೆ ಹೋಗಬೇಕಿಲ್ಲ. ಕಾಯಿಲೆ ಇಲ್ಲದವರು ಫ್ಯಾಷನ್ ಎಂದು ಗೋಧಿ ಬಿಡುವುದರಿಂದ ವಿಶೇಷ ಲಾಭವೂ ಇಲ್ಲ.

ಕಾಳು, ಈರುಳ್ಳಿ, ಬೆಳ್ಳುಳ್ಳಿ

"ಕಾಳು ತಿಂದರೆ ಗ್ಯಾಸ್" ಎಂದು ಬಿಟ್ಟವರು ಎಷ್ಟೋ ಜನ. ಕಾಳಿನ ಕೆಲವು ಸಕ್ಕರೆಗಳು ನಮ್ಮ ಸಣ್ಣಕರುಳಿನಲ್ಲಿ ಅರಗದೆ ದೊಡ್ಡಕರುಳಿಗೆ ಹೋಗಿ ಹುದುಗುತ್ತವೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ, ಮೆತ್ತಗೆ ಬೇಯಿಸಿದರೆ ತೊಂದರೆ ಬಹಳ ಕಡಿಮೆಯಾಗುತ್ತದೆ. ರಾಜ್ಮಾ, ಕಾಬೂಲಿ ಕಡಲೆಯಿಂದ ಆರಂಭಿಸಬೇಡಿ, ಹೆಸರುಬೇಳೆಯಿಂದ ಆರಂಭಿಸಿ. ಮೊದಲ ವಾರ ಎರಡು ಚಮಚ ಸಾಕು, ನಿಧಾನಕ್ಕೆ ಹೆಚ್ಚಿಸಿ. ಈರುಳ್ಳಿ, ಬೆಳ್ಳುಳ್ಳಿಯೂ ಸೂಕ್ಷ್ಮ ಕರುಳಿನವರಿಗೆ ಇದೇ ರೀತಿ ಕಾಟ ಕೊಡುತ್ತವೆ. ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಹುರಿದು ಎಸಳು ತೆಗೆದುಬಿಟ್ಟರೆ ಘಮ ಉಳಿಯುತ್ತದೆ, ಕಾಟ ತಪ್ಪುತ್ತದೆ.

ಒಗ್ಗದ್ದು ಯಾವುದೆಂದು ತಿಳಿಯುವುದು ಹೇಗೆ?

ಎರಡು ವಾರ ಒಂದು ನೋಟ್‌ಬುಕ್ ಇಡಿ. ತಿಂದದ್ದು, ಹೊತ್ತು, ಆದ ತೊಂದರೆ ಬರೆಯಿರಿ. ನಿದ್ದೆ, ಮುಟ್ಟಿನ ದಿನ, ಮನಸ್ಸಿನ ಬೇಸರವನ್ನೂ ಬರೆಯಿರಿ, ಹೊಟ್ಟೆಗೆ ಅವೂ ಸಂಬಂಧಪಟ್ಟವು. ಒಂದು ಪದಾರ್ಥದ ಮೇಲೆ ಅನುಮಾನ ಬಂದರೆ ಅದೊಂದನ್ನೇ ಎರಡು ವಾರ ಬಿಟ್ಟು ನೋಡಿ, ಮತ್ತೆ ಸ್ವಲ್ಪ ಸ್ವಲ್ಪವಾಗಿ ತಿಂದು ನೋಡಿ. ನಾಲ್ಕನ್ನು ಒಟ್ಟಿಗೆ ಬಿಟ್ಟರೆ ತಪ್ಪಿತಸ್ಥ ಯಾರೆಂದು ತಿಳಿಯದು. ಗೋಧಿಯ ವಿಷಯದಲ್ಲಿ ಮಾತ್ರ ಮೊದಲು ವೈದ್ಯರು. ಅಲರ್ಜಿಯ ಅನುಮಾನವಿದ್ದರೆ ಮನೆಯಲ್ಲಿ ಈ ಪ್ರಯೋಗ ಮಾಡಲೇಬೇಡಿ.

ನೂರಾರು ಆಹಾರಗಳ ಪಟ್ಟಿ ಕೊಟ್ಟು ಯಾವುದು ಒಗ್ಗದು ಎಂದು ಹೇಳುವ ಐಜಿಜಿ ರಕ್ತ ಪರೀಕ್ಷೆಗಳ ಜಾಹೀರಾತು ಬರುತ್ತದೆ. ಅಲರ್ಜಿ ತಜ್ಞರ ಸಂಸ್ಥೆಗಳು ಇದನ್ನು ಒಪ್ಪುವುದಿಲ್ಲ. ಅದು ಹೆಚ್ಚೆಂದರೆ ನೀವು ಆ ಆಹಾರ ತಿಂದಿದ್ದೀರಿ ಎಂದಷ್ಟೇ ಹೇಳುತ್ತದೆ. ತೂಕ ತಾನಾಗಿ ಇಳಿಯುವುದು, ಮಲದಲ್ಲಿ ರಕ್ತ, ರಾತ್ರಿ ಎಬ್ಬಿಸುವ ಭೇದಿ ಇದ್ದರೆ ನೋಟ್‌ಬುಕ್ ಬದಿಗಿಟ್ಟು ವೈದ್ಯರ ಬಳಿ ಹೋಗಿ.

ಹೊಟ್ಟೆ ತುಂಬುವುದು ಎಂದರೇನು?

ಬೆಳಿಗ್ಗೆ ಎಂಟಕ್ಕೆ ಅವಲಕ್ಕಿ ತಿಂದರೆ ಹತ್ತೂವರೆಗೆ ಮತ್ತೆ ಹಸಿವು ಏಕೆ? 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 38 ಆಹಾರಗಳನ್ನು ಸಮಾನ ಕ್ಯಾಲೊರಿಯಷ್ಟು ತಿನ್ನಿಸಿ, ಎರಡು ಗಂಟೆ ಹಸಿವನ್ನು ಅಳೆದರು. ಬಿಳಿ ಬ್ರೆಡ್ಡಿಗೆ 100 ಅಂಕ ಎಂದಿಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323, ಬೆಣ್ಣೆ ತುಂಬಿದ ಕ್ರುವಾಸಾನ್‌ಗೆ 47. ನೀರು, ನಾರು, ಪ್ರೋಟೀನ್ ಇರುವ ಆಹಾರ ಹೆಚ್ಚು ಹೊತ್ತು ತಡೆಯುತ್ತದೆ, ಬರೀ ಹಿಟ್ಟು, ಎಣ್ಣೆ, ಸಕ್ಕರೆಯದ್ದು ಬೇಗ ಕೈಕೊಡುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ದಿನಕ್ಕೆ ಬೇಕಾದ ಪ್ರೋಟೀನ್ ಕಿಲೋ ತೂಕಕ್ಕೆ 0.83 ಗ್ರಾಂ. 55 ಕಿಲೋ ತೂಕದವರಿಗೆ ಸುಮಾರು 46 ಗ್ರಾಂ. ಅನ್ನ, ರೊಟ್ಟಿಗಳಿಂದ ಸುಮಾರು 18 ಗ್ರಾಂ ಬಂದರೂ ಇನ್ನೂ 28 ಬೇಕು. ಸುಲಭದ ಲೆಕ್ಕ ಹೇಳುತ್ತೇನೆ. 30 ಗ್ರಾಂ ಬೇಳೆ ಅಥವಾ ಕಾಳು, ಒಂದು ಹಿಡಿ ಶೇಂಗಾ, ಒಂದು ಮೊಟ್ಟೆ, ಒಂದು ದೊಡ್ಡ ಬಟ್ಟಲು ಮೊಸರು, ಇವು ಪ್ರತಿಯೊಂದರಲ್ಲೂ 6ರಿಂದ 7 ಗ್ರಾಂ ಇದೆ. ದಿನಕ್ಕೆ ಇಂಥ ನಾಲ್ಕು ಬೇಕು. ಬೆರಳಲ್ಲಿ ಎಣಿಸಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ.

ಅವಲಕ್ಕಿಗೆ ಒಂದು ಹಿಡಿ ಶೇಂಗಾ, ಮೊಳಕೆ ಹೆಸರುಕಾಳು ಹಾಕಿ, ಮೇಲೆ ಮಜ್ಜಿಗೆ ಕುಡಿಯಿರಿ. ಡಬ್ಬಿಗೆ ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಸೌತೆಕಾಯಿ. ಕರಾವಳಿಯವರಿಗೆ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಬಂಗುಡೆ, ತೊಂಡೆಕಾಯಿ ಪಲ್ಯ. ಮೈಸೂರು ಕಡೆಯವರಿಗೆ ಮುದ್ದೆ, ಸೊಪ್ಪು-ಕಾಳು ಹಾಕಿದ ಬಸ್ಸಾರು. ಇವುಗಳಲ್ಲಿ ಹೊಸದೇನಿದೆ? ಏನೂ ಇಲ್ಲ. ಅನ್ನದ ಗುಡ್ಡ ಸ್ವಲ್ಪ ಕರಗಲಿ, ಪಲ್ಯ ಮತ್ತು ಕಾಳಿನ ಪಾಲು ಬೆಳೆಯಲಿ, ಅಷ್ಟೇ.

ಸಂಜೆ ಆರರ ಹಸಿವೇ ನಮ್ಮ ನಿಜವಾದ ಪರೀಕ್ಷೆ. ಸ್ಟೇಷನ್ನಿನ ವಡಾಪಾವ್ ಅಲ್ಲೇ ಕೈ ಬೀಸಿ ಕರೆಯುತ್ತದೆ. ಪರ್ಸಿನಲ್ಲಿ ಹುರಿಗಡಲೆ, ಶೇಂಗಾದ ಪುಟ್ಟ ಡಬ್ಬಿ ಇದ್ದರೆ ಲೋಕಲ್‌ನ ಒಂದು ಗಂಟೆ ದಾಟಬಹುದು. ಉಪವಾಸದ ಸಾಬುದಾಣಾ ಬಹುತೇಕ ಬರೀ ಪಿಷ್ಟ. ಅದಕ್ಕೆ ಶೇಂಗಾ ಪುಡಿ ಹೆಚ್ಚಿಸಿ, ಮೊಸರು ಸೇರಿಸಿ, ಇಲ್ಲವೇ ರಾಜಗಿರಾ ರೊಟ್ಟಿ ಮಾಡಿ.

ಕೊನೆಯ ತಟ್ಟೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಅಂದರೆ ಇಲ್ಲಿ ಕುಳಿತವರಲ್ಲೂ ಹಲವರಿಗೆ ಇರಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ದಿನವಿಡೀ ಸುಸ್ತು, ಇವನ್ನು "ವಯಸ್ಸಾಯಿತು" ಎಂದು ತಳ್ಳಿಹಾಕಬೇಡಿ. ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಚಹಾ, ಕಾಫಿ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ ಇರಲಿ, ಏಕೆಂದರೆ ಅವು ಕಬ್ಬಿಣದಂಶ ಮೈಗೆ ಹತ್ತದಂತೆ ತಡೆಯುತ್ತವೆ. ಸೊಪ್ಪು, ಕಾಳಿನ ಮೇಲೆ ನಿಂಬೆ ಹಿಂಡಿ.

ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವುದು ನಮ್ಮಲ್ಲಿ ಹಲವರ ಅಭ್ಯಾಸ. ಬದಲಾಯಿಸಿ ಎಂದು ಹೇಳಿದರೆ ನಾಳೆಯೇ ಆಗುವುದಿಲ್ಲ. ಕನಿಷ್ಠ ಪಕ್ಷ ಬಡಿಸಲು ಆರಂಭಿಸುವ ಮೊದಲೇ ನಿಮ್ಮ ಪಾಲಿನ ಪಲ್ಯ, ಗಟ್ಟಿ ಬೇಳೆ, ಮೊಸರನ್ನು ಒಂದು ಬಟ್ಟಲಲ್ಲಿ ತೆಗೆದಿಡಿ. ಅದು ಸ್ವಾರ್ಥವಲ್ಲ. ಮನೆಯವರೆಲ್ಲರ ಒಗ್ಗುವುದು, ಒಗ್ಗದ್ದು ನೆನಪಿಟ್ಟುಕೊಳ್ಳುವ ನೀವು ನಿಮ್ಮದನ್ನೂ ನೆನಪಿಟ್ಟುಕೊಳ್ಳಿ ಎಂದಷ್ಟೇ ನಾನು ಕೇಳುವುದು.

ಕೊನೆಯದಾಗಿ ಮಹಿಳಾ ವಿಭಾಗಕ್ಕೆ ಒಂದು ವಿನಂತಿ. ಮುಂದಿನ ಅರಿಶಿನ-ಕುಂಕುಮ, ದಸರಾ ಕಾರ್ಯಕ್ರಮದ ಊಟದಲ್ಲಿ ಪ್ರತಿ ಪಾತ್ರೆಯ ಮುಂದೆ ಸಣ್ಣ ಚೀಟಿ ಇಡೋಣ, ಇದರಲ್ಲಿ ಗೋಧಿ ಇದೆ, ಹಾಲು ಇದೆ, ಶೇಂಗಾ ಇದೆ ಎಂದು. ಖರ್ಚು ಏನೂ ಇಲ್ಲ. ಆದರೆ ಪಥ್ಯದಲ್ಲಿರುವ ಒಂದು ಮಗುವೂ ನಮ್ಮ ಪಂಕ್ತಿಯಿಂದ ಹಸಿದು ಏಳುವುದಿಲ್ಲ.